ಹಿಟ್ಟಿನ ಮೀನಿಗೆ ಹತ್ತು ನರ

ವಿಜಾಪುರಕ್ಕೂ ಸಮುದ್ರಕ್ಕೂ ಯಾವ ಜನ್ಮದ ಸಂಬಂಧವೂ ಇಲ್ಲ. ಈ ಊರಲ್ಲಿ ನೀರು ಅಂದರೆ ಬಾವಡಿ, ಬಾವಡಿಯೂ ಬೇಸಿಗೆಯಲ್ಲಿ ತಳ ತೋರಿಸುತ್ತದೆ. ಆದರೂ ಎಪ್ಪತ್ತರ ದಶಕದ ಆ ವರ್ಷಗಳಲ್ಲಿ, ಸಂಕ್ರಾಂತಿ ಮುಗಿದು ಹದಿನೈದು ದಿನ ಆಗುವುದೇ ತಡ, ಕಾರವಾರದ ಕಡೆಯಿಂದ ಒಂದು ದೊಡ್ಡ ತಗಡಿನ ಡಬ್ಬಿ ಬಂದು ಕಾಲೇಜಿನ ಹಿಂಬಾಗಿಲಲ್ಲಿ ಇಳಿಯುತ್ತಿತ್ತು. ಅದರೊಳಗೆ ಫಾರ್ಮಾಲಿನ್‌ನಲ್ಲಿ ನೆನೆದು ಬಿರುಸಾದ, ಮೊಳದುದ್ದದ ಶಾರ್ಕ್ ಮೀನುಗಳು. ಬಿ.ಎಸ್‌ಸಿ. ಕಡೇ ವರ್ಷದ ಪ್ರಾಣಿಶಾಸ್ತ್ರದ ಮಕ್ಕಳು ಅವುಗಳ ತಲೆ ಬಿಡಿಸಿ, ಮಿದುಳಿನಿಂದ ಹೊರಡುವ ಹತ್ತು ಜೊತೆ ನರಗಳನ್ನು ಹರಿಯದಂತೆ ತೋರಿಸಬೇಕು. ತೋರಿಸಿದವರು ಪಾಸು, ಹರಿದವರು ನಾಪಾಸು. ಸಮುದ್ರ ಕಾಣದ ಮಕ್ಕಳ ಹಣೆಬರಹವನ್ನು ಸಮುದ್ರದ ಮೀನಿನ ತಲೆಯೊಳಗೆ ಬರೆದಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ.

ಆ ಡಬ್ಬಿ ಒಡೆಯುವವರು ಪ್ರಯೋಗಶಾಲೆಯ ಸಿಪಾಯಿ ಮಲಂಗಸಾಬರು. ಕಾಲೇಜಿನಲ್ಲಿ ಹುಡುಗರಿಂದ ಹಿಡಿದು ದೊಡ್ಡವರವರೆಗೆ ಎಲ್ಲರೂ ಅವರನ್ನು ‘ಏ ಮಲಂಗ’ ಎಂದೇ ಕರೆಯುತ್ತಿದ್ದರು. ಕರೆಯುವವರು ಕರೆಯಲಿ, ಈ ಕತೆಯಲ್ಲಿ ಅವರಿಗೆ ಬಹುವಚನವೇ ಸಲ್ಲಬೇಕು. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಮೀನು ತೊಳೆದು ತಟ್ಟೆಗೆ ಇಡುವುದು, ಮಕ್ಕಳು ಕೊಯ್ಯುವಾಗ ಪಕ್ಕದಲ್ಲಿ ನಿಂತು ನೀರು ಹಾಕುವುದು, ಕಡೆಗೆ ಉಳಿದ ಕಸವನ್ನು ಬುಟ್ಟಿಗೆ ತುಂಬಿ ಬೇವಿನ ಮರದ ಹಿಂದೆ ಹುಗಿಯುವುದು, ಇದೇ ಅವರ ಇಪ್ಪತ್ತು ವರ್ಷದ ಚಾಕರಿ. ಓದು ಬರಹ ಸಹಿ ಮಾಡುವ ಮಟ್ಟಿಗೆ ಮಾತ್ರ ಬರುತ್ತಿತ್ತು.

ಬಬಲೇಶ್ವರದ ಗುರುಸಿದ್ದವ್ವ ಹಿಂದಿನ ವರ್ಷ ಈ ಮೀನಿನಿಂದಲೇ ಕೆಟ್ಟವಳು. ತತ್ತಿಯ ಹೆಸರನ್ನೂ ಎತ್ತದ ಮನೆಯ ಮಗಳು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅವುಗಳ ಜೊತೆಗೆ ಪ್ರಾಣಿಶಾಸ್ತ್ರವೂ ಗಂಟು ಬಿದ್ದಿತ್ತು. ತಾಯಿ ಸೀತವ್ವ ಪರೀಕ್ಷೆಯ ದಿನ ಮಗಳ ಕೈಗೆ ವಿಭೂತಿ ಕೊಟ್ಟು, “ಕೊಯ್ಯೂ ಮೊದಲ ಆ ಮೀನಿಗೂ ಒಂದೀಟು ಹಚ್ಚವಾ, ಪಾಪ,” ಅಂದಿದ್ದಳು. ವಿಭೂತಿ ಹಚ್ಚಲು ಧೈರ್ಯ ಸಾಲಲಿಲ್ಲ. ಒಂದು ಕೈಯಿಂದ ಮೂಗು ಮುಚ್ಚಿಕೊಂಡು ಇನ್ನೊಂದು ಕೈಯಿಂದ ಚಾಕು ಒತ್ತಿದ್ದಳು. ಕಣ್ಣಿನ ಮೇಲೆ ಹಾದುಹೋಗುವ ಎಲ್ಲಕ್ಕಿಂತ ದೊಡ್ಡ ನರವೇ ಕಚಕ್ಕನೆ ಎರಡು ತುಂಡಾಯಿತು. ಬರೆಯುವ ಪರೀಕ್ಷೆಗಳೆಲ್ಲ ಪಾಸು, ಮೀನು ಕೊಯ್ಯುವುದೊಂದು ನಾಪಾಸು.

ಆದರೂ ಬಬಲೇಶ್ವರದಲ್ಲಿ ಆಗತಾನೆ ಸುರುವಾಗಿದ್ದ ಹುಡುಗಿಯರ ಹೈಸ್ಕೂಲಿಗೆ ವಿಜ್ಞಾನ ಕಲಿಸುವವರು ಯಾರೂ ಸಿಗದೆ, ಹೆಡ್‌ಮಾಸ್ತರ ಈರಯ್ಯನವರು ಅವಳನ್ನೇ ತಾತ್ಕಾಲಿಕವಾಗಿ ಕರೆದುಕೊಂಡಿದ್ದರು. ಮೊದಲ ದಿನ ಅವಳು ದಾಸವಾಳದ ಹೂವೊಂದನ್ನು ಸೀಳಿ ತೋರಿಸಿದಾಗ ನಲವತ್ತು ಹುಡುಗಿಯರು ಉಸಿರು ಬಿಗಿಹಿಡಿದು ನೋಡಿದರು. ತನ್ನ ಮಾತನ್ನು ಇಷ್ಟು ಜನ ಇಷ್ಟು ಹೊತ್ತು ಕೇಳಬಹುದೆಂದು ಗುರುಸಿದ್ದವ್ವನಿಗೆ ಕನಸಲ್ಲೂ ಅನಿಸಿರಲಿಲ್ಲ. ಅಂದಿನಿಂದ ಆ ಖೋಲಿಯನ್ನು ಬಿಟ್ಟು ಇರುವುದು ಅವಳಿಗೆ ಆಗದ ಮಾತಾಯಿತು. ಆದರೆ ಈರಯ್ಯನವರು ಮೊದಲೇ ಹೇಳಿಬಿಟ್ಟಿದ್ದರು: “ಜೂನಿನ್ಯಾಗ ಸಾಲಿ ಸುರು ಆಗೂದರೊಳಗ ಪಾಸಾದ ಕಾಗದ ತರಬೇಕವಾ. ಇಲ್ಲಂದ್ರ ಮ್ಯಾಲಿನವರು ಬ್ಯಾರೇದವರನ್ನ ಕಳಸ್ತಾರ. ನನ್ನ ಕೈಯಾಗ ಏನೂ ಇಲ್ಲ.”

ಫೆಬ್ರುವರಿಯಲ್ಲಿ ಅವಳು ಅಭ್ಯಾಸಕ್ಕೆ ಮೀನು ಕೇಳಲು ಕಾಲೇಜಿಗೆ ಬಂದಳು. ಪ್ರಾಧ್ಯಾಪಕ ಗುರುಪಾದಯ್ಯನವರು ಕೆಟ್ಟವರಲ್ಲ, ಆದರೆ ಅವರ ಮುಂದಿದ್ದ ಪಟ್ಟಿ ಕೆಟ್ಟದ್ದಾಗಿತ್ತು. ಇಬ್ಬರಿಗೆ ಒಂದು ಮೀನು. ಒಬ್ಬರಿಗೆ ತಲೆಯ ಎಡಮಗ್ಗುಲು, ಇನ್ನೊಬ್ಬರಿಗೆ ಬಲಮಗ್ಗುಲು. ಈ ವರ್ಷದ ಮಕ್ಕಳಿಗೇ ಸಾಲದು. ಮತ್ತೊಮ್ಮೆ ಕೂಡುವವರಿಗೆ ಪರೀಕ್ಷೆಯ ದಿನ ಮಾತ್ರ ಮೀನು ಎಂದು ಅತ್ತರು ಹಚ್ಚಿದ ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದರು. ಮೀನು ಕಲಿಸುವವರಿಗೂ ಮೀನಿನ ವಾಸನೆ ಆಗುತ್ತಿರಲಿಲ್ಲ.

ಗುರುಸಿದ್ದವ್ವ ಹೊರಗೆ ಬಂದು ಬಾಗಿಲ ಬದಿಗೆ ನಿಂತಳು. ಕಣ್ಣು ಉರಿಯುತ್ತಿದ್ದದ್ದು ಫಾರ್ಮಾಲಿನ್ನಿನಿಂದ ಎಂದು ತನಗೇ ಹೇಳಿಕೊಂಡಳು. ಬುಟ್ಟಿ ಹಿಡಿದು ಹೊರಟಿದ್ದ ಮಲಂಗಸಾಬರು ಅವಳನ್ನು ಕಂಡು ನಿಂತರು.

“ಯಾಕ ತಂಗೆವ್ವಾ, ಮಾರಿ ಸಣ್ಣದ ಮಾಡಕೊಂಡು ನಿಂತಿ?”

“ಮೀನಿಲ್ಲಂತ್ರಿ ಕಾಕಾ. ಕೈಯಾಗ ಹಿಡೀದನ ಹ್ಯಾಂಗ ಕಲೀಲಿ?”

“ಸರ್ ಸುಳ್ಳ ಹೇಳಿಲ್ಲವಾ. ಎಷ್ಟ ಮೀನ ಅದಾವು, ಎಷ್ಟ ಹುಡುಗೂರ ಅದಾರು, ನನಗೂ ಗೊತ್ತೈತಿ.” ಅವರು ಬುಟ್ಟಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. “ಒಂದ ಕೆಲಸ ಮಾಡು. ಐತವಾರ ನಮ್ಮ ಮನೀಗೆ ಬಾ. ಮೀನ ಇಲ್ಲದಿದ್ರ ಏನಾತು, ನಾ ಒಂದು ಮಾಡಿ ಇಡತೀನಿ.”

ಮೀನನ್ನು ಮಾಡಿ ಇಡುವುದು ಎಂದರೇನೆಂದು ಅವಳಿಗೆ ತಿಳಿಯಲಿಲ್ಲ. ಆದರೂ ಆ ಭಾನುವಾರ ಬಬಲೇಶ್ವರದ ಮೊದಲ ಬಸ್ಸು ಹಿಡಿದಳು.

ಮಲಂಗಸಾಬರ ಮನೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ. ಒಳಗೆ ಹೋದರೆ ಪಡಸಾಲೆಯ ನಡುವೆ ರೊಟ್ಟಿ ಹಿಟ್ಟು ನಾದುವ ಪರಾತ. ಪರಾತದಲ್ಲಿ ಒಂದು ಶಾರ್ಕ್ ಮಲಗಿತ್ತು. ಉದ್ದ ಮೂಗು, ಮಗ್ಗುಲಿಗೆ ಐದೈದು ಕಿವಿರಿನ ಗೀರು, ಕಣ್ಣಿನ ಜಾಗದಲ್ಲಿ ಎರಡು ಅವರೆಕಾಳು. ಜೋಳದ ಹಿಟ್ಟನ್ನು ಕುದಿನೀರಲ್ಲಿ ಹಾಕಿ ನಾದಿ ಮಾಡಿದ ಮೀನು.

“ನಿನ್ನೆ ಸಂಜಿಯಿಂದ ಹಿಟ್ಟ ನಾದಾಕತ್ತಾರ ನೋಡವಾ,” ಎಂದಳು ಗೋಡೆಗೊರಗಿ ಹಳೇ ಬಟ್ಟೆಗಳ ಕೌದಿ ಹೊಲಿಯುತ್ತಿದ್ದ ಹೆಂಡತಿ ರಹಿಮಾಬಿ. “ನಿಕಾ ಆಗಿ ಮೂವತ್ತ ವರ್ಷ ಆತು, ನನಗೊಂದ ರೊಟ್ಟಿ ಬಡದು ಕೊಟ್ಟ ಮನಶ್ಯಾ ಅಲ್ಲ.”

ಮಲಂಗಸಾಬರು ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಗುರುಸಿದ್ದವ್ವನ ಕೈಗೆ ಚಾಕು ಕೊಟ್ಟು, ಮೀನಿನ ತಲೆಯ ಮೇಲಿನ ಗಟ್ಟಿ ಪದರವನ್ನು ಸಿಪ್ಪೆಯಂತೆ ತೆಳುವಾಗಿ ಕೆರೆಯಲು ಹೇಳಿದರು. ಶಾರ್ಕಿನ ತಲೆಯ ಎಲುಬು ಮೆದು, ಹೀಗೇ ಕೆರೆಯಲು ಬರುತ್ತದೆ. ಕೆರೆದಂತೆ ಒಳಗೆ ಹಿಟ್ಟಿನ ಮಿದುಳು ಕಂಡಿತು. ಮಿದುಳಿನ ಎರಡೂ ಬದಿಗೆ ಬಿಳಿಯ ದಾರಗಳು ಹುದುಗಿದ್ದವು. ದಪ್ಪ ನರಕ್ಕೆ ದಪ್ಪ ದಾರ, ಸಣ್ಣದಕ್ಕೆ ಸಣ್ಣ ದಾರ. ಒಂದು ಮೂಗಿಗೆ, ಒಂದು ಕಣ್ಣಿಗೆ, ಒಂದು ಕವಲೊಡೆದು ದವಡೆಗೆ. ಪುಸ್ತಕದ ಚಿತ್ರದಲ್ಲಿ ಬರೀ ಗೀರುಗಳಾಗಿದ್ದವು ಇಲ್ಲಿ ಆಳ, ಎತ್ತರ, ತಿರುವು ಪಡೆದುಕೊಂಡಿದ್ದವು. ಸಹಿಯ ಹೊರತು ಅಕ್ಷರ ಬಾರದ ಮನುಷ್ಯ ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತು ನೀರು ಹಾಕುತ್ತ ಇಷ್ಟನ್ನೂ ನೋಡಿ ಇಟ್ಟುಕೊಂಡಿದ್ದರು.

“ಇದರ ಹೆಸರ ನಿಮ್ಮ ಪುಸ್ತಕದಾಗ ಏನೈತೋ, ನಾ ಮಾತ್ರ ಫಕೀರ ಅಂತೀನಿ,” ಎಂದು ಅವರು ಕೊನೆಯ ಉದ್ದ ದಾರವನ್ನು ತೋರಿಸಿದರು. “ತಲ್ಯಾಗ ಹುಟ್ಟಿ ಕಿವಿರಿಗೆ ಹೋಗತೈತಿ, ಎದಿಗೆ ಹೋಗತೈತಿ, ಹೊಟ್ಟಿ ತನಕಾ ತಿರಗತೈತಿ. ಒಂದ ಕಡೆ ನಿಂದ್ರಾಂಗಿಲ್ಲ.”

ಅದು ಹತ್ತನೆಯ ನರ, ವೇಗಸ್. ಅಲೆಯುವವನು ಎಂದೇ ಆ ಹೆಸರಿನ ಅರ್ಥವೆಂದು ಪುಸ್ತಕದಲ್ಲಿ ಓದಿದ್ದ ಗುರುಸಿದ್ದವ್ವ ನಕ್ಕುಬಿಟ್ಟಳು. ಒಂದು ವರ್ಷದಿಂದ ಈ ಮೀನಿನ ವಿಷಯದಲ್ಲಿ ಅವಳಿಗೆ ಬಂದ ಮೊದಲ ನಗು ಅದು.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಮೊದಲ ದಿನವೇ ಮೂರು ದಾರ ಕಿತ್ತು ಬಂದವು. ಅದನ್ನು ನೋಡಲಾರದೆ ರಹಿಮಾಬಿ ಕೌದಿ ಬದಿಗಿಟ್ಟು ಬಂದಳು. ಹಳೆಯ ಕೌದಿಯೊಂದನ್ನು ಗುರುಸಿದ್ದವ್ವನ ತೊಡೆಯ ಮೇಲೆ ಹಾಕಿ, ತಿಕೋಟಾದ ತವರಿನಿಂದ ತಂದ, ತುದಿ ಸವೆದು ಮೊಂಡಾದ ಸೂಜಿಯೊಂದನ್ನು ಕೈಗೆ ಕೊಟ್ಟಳು.

“ಮೀನ ಆಮ್ಯಾಲ. ಮೊದಲ ಈ ಹೊಲಿಗಿ ಬಿಚ್ಚು. ಬಟ್ಟಿ ಹರೀಬಾರದು, ದಾರಾನೂ ಹರೀಬಾರದು, ಎರಡೂ ನನಗ ಮತ್ತ ಬೇಕು. ಸೂಜಿ ದಾರದ ಕೂಡ ಹೋಗಬೇಕು, ಅದಕ್ಕ ಅಡ್ಡ ಬೀಳಬಾರದು. ಮತ್ತ ಕೇಳಿಲ್ಲೆ: ಎಲ್ಲಿಂದ ಬಂತು, ಎಲ್ಲಿಗೆ ಹೋತು ಅಂತ ನೋಡದನ ಒಂದ ದಾರಕ್ಕೂ ಕೈ ಹಚ್ಚಬ್ಯಾಡ.”

ಹೀಗೆ ಎಂಟು ಐತವಾರಗಳು. ಬೆಳಗ್ಗೆ ಕೌದಿ ಬಿಚ್ಚುವುದು, ಮಧ್ಯಾಹ್ನ ಮೀನು ಬಿಡಿಸುವುದು. ಸಂಜೆ ದಾರಗಳನ್ನೆಲ್ಲ ಆರಿಸಿ ತೆಗೆದು ಹಿಟ್ಟನ್ನು ಆಡಿಗೆ ಹಾಕುತ್ತಿದ್ದರು. ಆ ಓಣಿಯಲ್ಲಿ ಶಾರ್ಕ್ ತಿಂದು ಬೆಳೆದ ಆಡು ಅದೊಂದೇ. ಗುರುಸಿದ್ದವ್ವ ಬರುವ ದಿನ ರಹಿಮಾಬಿ ಬೆಳಗ್ಗೆಯೇ ಒಲೆ ಸಾರಿಸಿ, ಬೇರೆ ಗಡಿಗೆಯಲ್ಲಿ ಬೇಳೆ ಕುದಿಸಿ ಇಟ್ಟಿರುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಮೊದಲ ಸಲ ಅದನ್ನು ಕಂಡ ದಿನ ಗುರುಸಿದ್ದವ್ವ ಒಂದು ಅಗುಳೂ ಬಿಡದೆ ಉಂಡಳು. ಈ ಜನರಿಗೆ ತಾನು ಯಾರು, ಇವರು ತನಗೆ ಯಾಕಿಷ್ಟು ಮಾಡಬೇಕು ಎಂದು ಬಸ್ಸಿನಲ್ಲಿ ಬಬಲೇಶ್ವರ ಮುಟ್ಟುವವರೆಗೂ ಯೋಚಿಸಿದಳು.

ಐದನೆಯ ಐತವಾರ ಅವಳು ದಾರಗಳನ್ನು ಎಣಿಸಿ ತಲೆ ಎತ್ತಿದಳು.

“ಕಾಕಾ, ಒಂಬತ್ತ ಅದಾವಲ್ರಿ. ಪುಸ್ತಕದಾಗ ಹತ್ತು.”

“ಯಾವದಿಲ್ಲ?”

“ನಾಕನೇದು. ಕಣ್ಣ ತಿರಗಸೂ ಒಂದ ಸ್ನಾಯುಕ್ಕ ಹೋಗತೈತಂತ. ಭಾಳ ಸಣ್ಣದಂತ.”

ಮಲಂಗಸಾಬರು ಖಡಾಖಂಡಿತವಾಗಿ ತಲೆ ಅಲ್ಲಾಡಿಸಿದರು. “ತಂಗೆವ್ವಾ, ಇಷ್ಟ ವರ್ಷದಾಗ ನಾನೂರು ಮೀನಿನ ತಲಿ ನೋಡೀನಿ. ಅದು ಪುಸ್ತಕದಾಗ ಇರತೈತಿ, ಮೀನಿನ್ಯಾಗ ಇರಾಂಗಿಲ್ಲ.”

ಅವಳು ಗುರುಪಾದಯ್ಯನವರನ್ನು ಕೇಳಿದಳು. ಅವರು ಕನ್ನಡಕ ಒರೆಸುತ್ತ, “ಅದನ್ನ ಚಿತ್ರದಾಗ ತಗದ್ರ ಸಾಕವಾ. ಯಾರೂ ತೋರಸಾಂಗಿಲ್ಲ, ಯಾರೂ ಕೇಳಾಂಗಿಲ್ಲ,” ಎಂದರು. ನಿಜವೇ. ಕಾಲೇಜಿನ ಎಲ್ಲ ಮಕ್ಕಳ ದಾಖಲೆ ಪುಸ್ತಕದಲ್ಲೂ ನಾಲ್ಕನೆಯ ನರ ಅಂದವಾಗಿ ಮೂಡಿತ್ತು. ಕಣ್ಣಾರೆ ಕಂಡವರು ಮಾತ್ರ ಅಲ್ಲಿ ಒಬ್ಬರೂ ಇರಲಿಲ್ಲ.

ಏಪ್ರಿಲ್ ಬಂತು. ಪರೀಕ್ಷೆಯ ದಿನ ಪ್ರಯೋಗಶಾಲೆಯ ಕಿಟಕಿಗಳೆಲ್ಲ ತೆರೆದಿದ್ದರೂ ಒಳಗೆ ಬಿಸಿಲು ಮತ್ತು ಫಾರ್ಮಾಲಿನ್ ಬಿಟ್ಟರೆ ಬೇರೇನೂ ಇರಲಿಲ್ಲ. ಧಾರವಾಡದಿಂದ ಬಂದ ಪರೀಕ್ಷಕರು ಹಿರಿಯರು, ಮಾತು ಕಡಿಮೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ. ಪ್ರತಿಯೊಬ್ಬರ ಮುಂದೆ ಒಂದೊಂದು ಶಾರ್ಕು. ಮಲಂಗಸಾಬರು ನೀರಿನ ಚರಿಗೆ ಹಿಡಿದು ಸಾಲಿನ ನಡುವೆ ನಡೆದಾಡುತ್ತಿದ್ದರು. ಸಿಪಾಯಿಗೆ ಆ ದಿನ ತುಟಿ ಬಿಚ್ಚುವ ಹಾಗಿಲ್ಲ.

ಗುರುಸಿದ್ದವ್ವ ಮೂಗು ಮುಚ್ಚಿಕೊಳ್ಳಲಿಲ್ಲ. ಸೆರಗಿನ ತುದಿಯಲ್ಲಿ ಸೀತವ್ವ ಕಟ್ಟಿಕೊಟ್ಟ ವಿಭೂತಿಯಲ್ಲಿ ಚಿಟಿಕೆ ತೆಗೆದು, ಯಾರು ನೋಡಿದರೂ ನೋಡಲಿ ಎಂದು, ಮೀನಿನ ಹಣೆಗೆ ಹಚ್ಚಿದಳು. ಆಮೇಲೆ ಕೆರೆಯತೊಡಗಿದಳು. ಮೊದಲು ಚರ್ಮ, ಆಮೇಲೆ ಮೆದು ಎಲುಬು, ತೆಳುವಾಗಿ, ಪದರು ಪದರಾಗಿ. ಕಣ್ಣಿನ ಮೇಲೆ ಹಾಯುವ ದೊಡ್ಡ ನರ ಇಡಿಯಾಗಿ ಎದ್ದು ಬಂತು. ಹೋದ ವರ್ಷ ಅವಳನ್ನು ಕೆಡವಿದ್ದು ಇದೇ. ಉಳಿದವೂ ಒಂದೊಂದಾಗಿ, ಜೋಳದ ಹಿಟ್ಟಿನಲ್ಲಿ ಎಲ್ಲೆಲ್ಲಿ ಇದ್ದವೋ ಅಲ್ಲಲ್ಲೇ ಸಿಕ್ಕವು.

ಇನ್ನು ಒಂದು ತಾಸು ಉಳಿದಿತ್ತು. ಕಣ್ಣಿನ ಗೂಡಿನ ಒಳಗೋಡೆಯ ಎಲುಬನ್ನು ಕೆರೆದು, ಕೊನೆಗೆ ಫಕೀರನ ಕವಲುಗಳನ್ನು ಕಿವಿರಿನವರೆಗೂ ಹೊಟ್ಟೆಯವರೆಗೂ ಬಿಡಿಸಿದರೆ ಕೆಲಸ ಮುಗಿದಂತೆ. ಚಾಕು ಗೋಡೆಗೆ ತಾಕಿಸುವಾಗ ದೊಡ್ಡ ನರದ ಅಡಿಯಲ್ಲಿ ಕೂದಲೆಳೆಯಷ್ಟು ಸಣ್ಣದೊಂದು ಬಿಳಿ ಎಳೆ ಕಂಡಿತು. ಹಿಟ್ಟಿನ ಮೀನಿನಲ್ಲಿ ಅಲ್ಲಿ ಏನೂ ಇರಲಿಲ್ಲ. ಅಕ್ಕಪಕ್ಕದವರು ಗೋಡೆಯನ್ನು ಎರಡೇ ಏಟಿಗೆ ಕೆರೆದು ಮುಂದೆ ಹೋಗಿದ್ದರು. ಇವಳೂ ಹಾಗೆ ಕೆರೆಯಬಹುದಿತ್ತು. ಆದರೆ ಆ ಎಳೆ ಗೋಡೆಯನ್ನು ತೂರಿಕೊಂಡೇ ಬಂದಿತ್ತು, ಗೋಡೆ ಹೋದರೆ ಅದೂ ಹೋಗುತ್ತಿತ್ತು. ಬರೀ ಪೊರೆಯ ಚೂರಿರಬಹುದು, ಕಸವಿರಬಹುದು. ಕಸವನ್ನು ಬಿಡಿಸುತ್ತ ಕೂತರೆ ಫಕೀರ ಅರ್ಧಕ್ಕೇ ನಿಲ್ಲುತ್ತಾನೆ, ಮತ್ತೆ ನಾಪಾಸು, ಜೂನಿಗೆ ಆ ನಲವತ್ತು ಹುಡುಗಿಯರ ಮುಂದೆ ಇನ್ಯಾರೋ ನಿಲ್ಲುತ್ತಾರೆ.

ಚರಿಗೆ ಹಿಡಿದು ಪಕ್ಕಕ್ಕೆ ಬಂದ ಮಲಂಗಸಾಬರು ನಿಂತುಬಿಟ್ಟರು. ಹುಡುಗಿ ಒಂದು ಕಸದ ಎಳೆ ನೋಡುತ್ತ ಹೊತ್ತು ಕಳೆಯುತ್ತಿದ್ದಾಳೆ. ‘ಹರದ ಒಗಿಯ ತಂಗೆವ್ವಾ, ಅದು ಏನೂ ಅಲ್ಲ’ ಎಂದು ಕೂಗುವಷ್ಟು ಮಾತು ಬಾಯಿಗೆ ಬಂದಿತ್ತೆಂದು ಆಮೇಲೆ ಅವರೇ ಹೇಳಿದರು. ಆಗ ಒಂದು ಕೆಮ್ಮಷ್ಟೇ ಕೆಮ್ಮಿದರು.

ಗುರುಸಿದ್ದವ್ವನಿಗೆ ಆ ಕೆಮ್ಮು ಕೇಳಿಸಿತು, ಅರ್ಥವೂ ಆಯಿತು. ಆದರೆ ಎಂಟು ಐತವಾರ ಅವಳ ಕೈಗೆ ಅಂಟಿದ್ದು ರಹಿಮಾಬಿಯ ಮಾತು. ಎಲ್ಲಿಂದ ಬಂತು, ಎಲ್ಲಿಗೆ ಹೋತು. ಅವಳು ಚಾಕು ಕೆಳಗಿಟ್ಟು, ಸೆರಗಿಗೆ ಚುಚ್ಚಿಕೊಂಡು ಬಂದಿದ್ದ ರಹಿಮಾಬಿಯ ಮೊಂಡು ಸೂಜಿ ತೆಗೆದಳು. ಎಳೆಯ ಜೊತೆಜೊತೆಗೆ ಸೂಜಿ ನಡೆಸಿದಳು. ಗೋಡೆಯನ್ನು ಉಗುರಿನಷ್ಟು ಉಗುರಿನಷ್ಟೇ ಕೆರೆದಳು. ಆ ಕಡೆಗೆ ಅದು ಮಿದುಳಿನ ಬೆನ್ನಿನ ಮೇಲಿಂದ ಹೊರಟಿತ್ತು. ಈ ಕಡೆಗೆ ಕಣ್ಣಿನ ಮೇಲಿನ ಪುಟ್ಟ ಸ್ನಾಯುವಿಗೆ ಹೋಗಿ ಸೇರಿತ್ತು. ಫಕೀರನ ಕಿವಿರಿನ ಕವಲುಗಳನ್ನು ಬಿಡಿಸುವಷ್ಟರಲ್ಲಿ ಗಂಟೆ ಹೊಡೆಯಿತು; ಹೊಟ್ಟೆಗೆ ಹೋಗುವ ಕವಲು ಹಾಗೇ ಉಳಿಯಿತು.

ಪರೀಕ್ಷಕರು ಒಂದೊಂದೇ ಮೇಜು ನೋಡುತ್ತ ಬಂದರು. ಇವಳ ಮೀನಿನ ಮೇಲೆ ಬಗ್ಗಿದವರು ಏಳಲೇ ಇಲ್ಲ. ಭೂತಗನ್ನಡಿ ಹಿಡಿದು ನೋಡಿದರು, ಕನ್ನಡಕ ತೆಗೆದು ನೋಡಿದರು, ಆಮೇಲೆ ಗುರುಪಾದಯ್ಯನವರನ್ನು ಹತ್ತಿರ ಕರೆದರು.

“ಏನಿದು?”

ಗುರುಪಾದಯ್ಯನವರು ಬಗ್ಗಿ ನೋಡಿ ಕರವಸ್ತ್ರ ಹುಡುಕತೊಡಗಿದರು.

“ನಾಕನೇದ್ರಿ ಸರ್,” ಎಂದಳು ಗುರುಸಿದ್ದವ್ವ. “ಹೊಟ್ಟಿಗೆ ಹೋಗೂ ಕವಲ ಉಳದೈತ್ರಿ. ಇದನ್ನ ಬಿಡಸೂದ್ರಾಗ ಹೊತ್ತ ಹೋತು.”

“ಹದಿನೆಂಟ ವರ್ಷದಿಂದ ಪರೀಕ್ಷಾ ಮಾಡಾಕ ಊರೂರು ತಿರಗಾಕತ್ತೇನಿ,” ಎಂದರು ಪರೀಕ್ಷಕರು ನಿಧಾನವಾಗಿ. “ಇದನ್ನ ಇಡಿಯಾಗಿ ತೋರಿಸಿದವರೊಳಗ ನೀನ ಮೊದಲನೇದಾಕಿ. ಯಾರ ಕಲಿಸಿದರವಾ?”

ಗುರುಪಾದಯ್ಯನವರ ಎದೆ ತುಸು ಮುಂದೆ ಬಂತು. ಗುರುಸಿದ್ದವ್ವ ಒಂದು ಕ್ಷಣ ಅವರ ಮುಖ ನೋಡಿದಳು. ಆಮೇಲೆ ಬಾಗಿಲಲ್ಲಿ ಚರಿಗೆ ಹಿಡಿದು ನಿಂತಿದ್ದವರ ಕಡೆ ಕೈ ತೋರಿಸಿದಳು.

“ಮಲಂಗಸಾಬ ಕಾಕಾರ್ರಿ. ಮತ್ತ ಅವರ ಮನಿಯವರು, ರಹಿಮಾಬಿ ಚಾಚಿ. ಅವರಿಬ್ಬರೂ ಇಲ್ಲದಿದ್ರ ಇವತ್ತೂ ನಾ ಮೂಗ ಮುಚ್ಕೊಂಡ ನಿಂತಿರತಿದ್ದೆ.”

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪರೀಕ್ಷಕರು ನಗಲಿಲ್ಲ. “ಬರ್ರಿ ಮಲಂಗಸಾಬರ, ಇಲ್ಲಿ ಬರ್ರಿ,” ಎಂದು ಕರೆದು ಕೊರಳಿನ ಭೂತಗನ್ನಡಿ ಬಿಚ್ಚಿ ಅವರ ಕೈಗೆ ಕೊಟ್ಟರು. ಆ ಖೋಲಿಯಲ್ಲಿ ಅವರನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು.

ಮಲಂಗಸಾಬರು ಚರಿಗೆ ಕೆಳಗಿಟ್ಟು, ಕೈಯನ್ನು ಅಂಗಿಗೆ ಒರೆಸಿಕೊಂಡು, ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದಾಗ ಕಣ್ಣು ತೇವವಾಗಿತ್ತು, ಅದಕ್ಕೆ ಫಾರ್ಮಾಲಿನ್ನಿನ ನೆಪ ಅವರು ಹೇಳಲಿಲ್ಲ.

“ಇದು ಎಲ್ಲಾ ಮೀನಿನ್ಯಾಗೂ ಇತ್ತೇನ್ರಿ ಸಾಹೇಬರ?”

“ಎಲ್ಲಾದರಾಗೂ ಇತ್ತು.”

“ಹಂಗಾದ್ರ ನಾನೂರ ಸಲ ನಾನ ಇದನ್ನ ಕಸದ ಕೂಡ ಹುಗದೀನಿ,” ಎಂದರು ಮಲಂಗಸಾಬರು. “ಹುಡುಗೂರು ಮೊದಲನೇ ಏಟಿಗೇ ಹರೀತಿದ್ದರು. ನನಗ ಕಾಣಲಾರದ್ದನ್ನ ಇಲ್ಲ ಅಂತ ತಿಳದಿದ್ದೆ.”

ಮೇ ಕೊನೆಗೆ ಫಲಿತಾಂಶ ಬಂತು. ಗುರುಸಿದ್ದವ್ವ ಪಾಸು. ಈರಯ್ಯನವರು ಕಾಗದ ನೋಡಿ ಅವಳ ಹೆಸರನ್ನು ಹಾಜರಿಯಲ್ಲಿ ಕಾಯಂ ಬರೆದುಕೊಂಡರು. ಸೀತವ್ವ ಮಾತ್ರ, “ವಿಭೂತಿ ಹಚ್ಚಿದ್ದಕ್ಕ ನೋಡು,” ಎಂದು ಓಣಿಯೆಲ್ಲ ಹೇಳಿಕೊಂಡು ಬಂದಳು. ಹೇಳಿ ಬಂದವಳು ಪೆಟ್ಟಿಗೆಯ ತಳದಿಂದ ತನ್ನ ಮದುವೆಯ ಇಳಕಲ್ ಸೀರೆ ತೆಗೆದಳು. ಅಂಚು ಜೂಲು ಬಿಟ್ಟಿತ್ತು, ಆದರೂ ರೇಷ್ಮೆಯ ಸೆರಗು ಹೊಳೆಯುತ್ತಿತ್ತು. “ಇದನ್ನ ರಹಿಮಾಬಿಗೆ ಕೊಡು. ಕೌದಿಗೆ ಹಾಕಲಿ. ನನ್ನ ಮಗಳನ್ನ ಹೊಲದು ಕೊಟ್ಟಾಳ.”

ಜೂನಿನ ಮೊದಲ ಐತವಾರ ಗುರುಸಿದ್ದವ್ವ ಬಸ್ಸಿಳಿದು ಗೋಳಗುಮ್ಮಟದ ಹಿಂದಿನ ಓಣಿಗೆ ಬಂದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮಾತು ಜೋಡಿಸಿಕೊಂಡಿದ್ದಳು. ಬಾಗಿಲಲ್ಲಿ ಅದೆಲ್ಲ ಮರೆತುಹೋಗಿ, ಬಗ್ಗಿ ಇಬ್ಬರ ಪಾದವನ್ನೂ ಮುಟ್ಟಿದಳು. ರಹಿಮಾಬಿ ಅವಳನ್ನು ಎತ್ತಿ ನೆಟಿಗೆ ಮುರಿದಳು. ಸೀರೆಯನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿ ಕೆನ್ನೆಗೆ ಒತ್ತಿಕೊಂಡಳು.

ಪಡಸಾಲೆಯ ನಡುವೆ ಪರಾತ ಇತ್ತು. ಪರಾತದಲ್ಲಿ ಅವರೆಕಾಳು ಕಣ್ಣಿನ ಶಾರ್ಕು.

“ಮೂರ ಐತವಾರ ಆತು, ಆ ನಾಕನೇ ನರದ ದಾರ ಹಾಕಾಕ ನೋಡಾಕತ್ತೇನಿ,” ಎಂದರು ಮಲಂಗಸಾಬರು ತಪ್ಪಿತಸ್ಥರ ಹಾಗೆ. “ಬರವಲ್ದು. ಒಂದ ಸಲ ನೋಡಿದ್ದು, ಅದೂ ಕಣ್ಣಾಗ ನೀರ ತುಂಬಿತ್ತು. ಈ ಬರೂ ವರ್ಷ ಮತ್ತ ಯಾರರ ನಾಪಾಸಾಗಿ ಬಾಗಲದಾಗ ನಿಂದ್ರತಾರ. ಅವರಿಗೆ ಒಂಬತ್ತ ಕೊಟ್ಟು ಮೋಸ ಮಾಡೂದು ಸರಿ ಅಲ್ಲ.”

ಮನೆಯಲ್ಲಿದ್ದ ದಾರಗಳೆಲ್ಲ ಅದಕ್ಕೆ ದಪ್ಪವಾಗಿದ್ದವು. ರಹಿಮಾಬಿ ಸೀತವ್ವನ ಸೀರೆಯ ಜೂಲು ಅಂಚಿನಿಂದ ರೇಷ್ಮೆಯ ಒಂದೇ ಒಂದು ಎಳೆಯನ್ನು, ಹರಿಯದಂತೆ, ಬಿಡಿಸಿ ಕೊಟ್ಟಳು. ಮಲಂಗಸಾಬರು ಅದನ್ನು ಮಿದುಳಿನ ಅಡಿಯಿಂದ ಕಣ್ಣಿನ ಕಡೆಗೆ ಒಯ್ಯತೊಡಗಿದರು.

“ಅಡಿಯಿಂದ ಅಲ್ರಿ ಕಾಕಾ,” ಎಂದಳು ಗುರುಸಿದ್ದವ್ವ. “ಉಳದಾವೆಲ್ಲಾ ಎಲ್ಲಿಂದರ ಬರಲಿ, ಇದೊಂದು ಬೆನ್ನ ಮ್ಯಾಲಿಂದ ಹೊಂಡತೈತಿ.”

ಮಲಂಗಸಾಬರು ಕೈ ಹಿಂದಕ್ಕೆ ತೆಗೆದುಕೊಂಡರು. ಎಳೆಯನ್ನು ಅವಳ ಅಂಗೈ ಮೇಲೆ ಇಟ್ಟು, ಪರಾತವನ್ನು ಅವಳ ಕಡೆಗೆ ಸರಿಸಿ, ತಾವು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ನಾಲ್ಕು ತಿಂಗಳು ಬಾಯಿ ತುಂಬ ತಂಗೆವ್ವಾ ಎಂದವರು, ಆಗ ಶಾಲೆಯ ಹುಡುಗಿಯರು ಕಲಿಸುವವಳನ್ನು ಕರೆಯುವ ಹಾಗೆ ಕರೆದರು.

“ತೋರಸ್ರಿ ಅಕ್ಕೋರ, ನೋಡತೀನಿ.”